ಅರ್ಧಕ್ಕೆ ನಿಲ್ಲಿಸಿದ ಉತ್ತರ

ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಹೊರಟ ದಿನ ನನ್ನ ಚೀಲದಲ್ಲಿ ಇದ್ದದ್ದು ಒಂದು ವ್ಯಾಕರಣದ ಪ್ರಶ್ನೆಪತ್ರಿಕೆ. ಖಾಲಿ ಜಾಗ ತುಂಬಿ, ಕಾಲ ಬದಲಿಸಿ, ತಪ್ಪು ತಿದ್ದಿ. ಮಧುಗಿರಿಯ ಪದವಿ ಕಾಲೇಜಿನಲ್ಲಿ ವರ್ಷಗಟ್ಟಲೆ ಕೊಟ್ಟು ತಿದ್ದಿದ ಪತ್ರಿಕೆಯದು. ಇದನ್ನು ಬರೆಸಿದರೆ ಯಾರಿಗೆ ಎಷ್ಟು ಬರುತ್ತದೆ ಎಂಬುದು ಗೊತ್ತಾಗಿ ಹೋಗುತ್ತದೆ, ಅಲ್ಲಿಂದ ಪಾಠ ಶುರು ಮಾಡಬಹುದು ಎಂದುಕೊಂಡಿದ್ದೆ.

ಮಕ್ಕಳು ಸರಸರನೆ ಬರೆದು ಕೊಟ್ಟರು. ಪಾವಗಡ, ಸಿರಾ, ಕೊರಟಗೆರೆ ಕಡೆಯ ಸರ್ಕಾರಿ ಶಾಲೆಗಳಲ್ಲಿ ಹತ್ತನೇ ತರಗತಿವರೆಗೂ ಕನ್ನಡದಲ್ಲೇ ಓದಿ, ಸರ್ಕಾರಿ ಸೀಟಿನಲ್ಲಿ ಬಂದವರೂ ಚೆನ್ನಾಗಿಯೇ ಬರೆದಿದ್ದರು. ತಿದ್ದಲು ಹೆಚ್ಚೇನೂ ಇರಲಿಲ್ಲ. ಬಸ್ಸಿನಲ್ಲಿ ಆ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ, ಹಾಗಾದರೆ ಇವರಿಗೆ ನನ್ನಿಂದ ಬೇಕಾಗಿರುವುದಾದರೂ ಏನು ಎಂದು ಕಸಿವಿಸಿಯಾಯಿತು.

ಹೆದ್ದಾರಿಗೆ ಹೊಂದಿಕೊಂಡ ಆ ಖಾಸಗಿ ಕಾಲೇಜಿಗೆ ನನ್ನನ್ನು ಕರೆಸಿದವರು ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರು. ನಮ್ಮ ದೇಹದೊಳಗೆ ಗುಂಡಿಗೆ, ಶ್ವಾಸಕೋಶ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತವೆ ಎಂಬ ಪಾಠ ಅವರದು. ಆಡಳಿತ ಮಂಡಳಿಯವರು ಬೆಂಗಳೂರಿನಿಂದ ತರಬೇತುದಾರರನ್ನು ತರಿಸಬೇಕೆಂದಿದ್ದಾಗ ಇವರೇ ಅಡ್ಡಬಂದು, "ಅವರು ಬಂದು ಗುಡ್ ಮಾರ್ನಿಂಗ್ ಹೇಳೋದು, ಟೈ ಕಟ್ಟೋದು ಕಲಿಸಿ ಹೋಗ್ತಾರೆ. ಈ ಸೀಮೆ ಮಕ್ಕಳ ಬಾಯಿ ಗೊತ್ತಿರೋರು ಬೇಕು" ಎಂದು ವಾದಿಸಿದ್ದರಂತೆ. ವ್ಯಾಕರಣದ ಪತ್ರಿಕೆಯ ಸಂಗತಿ ಹೇಳಿದಾಗ ಅವರು ನಕ್ಕರು.

"ಮೇಡಂ, ನಾಳೆ ನನ್ನ ವೈವಾದಲ್ಲಿ ಬಂದು ಕೂತ್ಕೊಳ್ಳಿ. ನಿಮಗೇ ಗೊತ್ತಾಗುತ್ತೆ."

ವೈವಾ ಎಂದರೆ ಮೌಖಿಕ ಪರೀಕ್ಷೆ. ಮೇಜಿನ ಆಚೆ ಪರೀಕ್ಷಕರು, ಈಚೆ ಒಬ್ಬ ವಿದ್ಯಾರ್ಥಿ. ಒಂದರ ಹಿಂದೆ ಒಂದು ಪ್ರಶ್ನೆ, ಎಲ್ಲವೂ ಇಂಗ್ಲಿಷಿನಲ್ಲಿ. ನಾನು ಮೂಲೆಯ ಸ್ಟೂಲಿನಲ್ಲಿ ಕೂತೆ. ಬಂದವರಲ್ಲಿ ಒಬ್ಬಳು ರಾಯಚೆರ್ಲು ಕಡೆಯ ಹುಡುಗಿ. ಬಿಳಿ ಕೋಟಿನ ತೋಳು ಅವಳಿಗೆ ಉದ್ದವಾಗಿತ್ತು, ಎರಡು ಮಡಿಕೆ ಮಡಚಿದ್ದಳು. ಮಲಗಿದ್ದವರು ತಟ್ಟನೆ ಎದ್ದು ನಿಂತರೆ ರಕ್ತದೊತ್ತಡಕ್ಕೆ ಏನಾಗುತ್ತದೆ ಎಂದು ಪ್ರಾಧ್ಯಾಪಕರು ಕೇಳಿದರು.

"ಬಿಪಿ ಫಾಲ್ ಸರ್..." ಎಂದಳು. ಒಂದು ಕ್ಷಣ ಬಿಟ್ಟು, "ರೈಸ್ ಸರ್..." ಎಂದಳು.

"ಫಾಲ್ ಆರ್ ರೈಸ್? ಒಂದು ಹೇಳಮ್ಮ."

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ಮಾತು ಹೊರಡಲಿಲ್ಲ. ಪ್ರಾಧ್ಯಾಪಕರು ತಲೆಯಾಡಿಸಿ ಮುಂದಿನವರನ್ನು ಕರೆದರು.

ನಾನು ಎದ್ದು ಅವಳ ಹಿಂದೆಯೇ ಹೊರಗೆ ಹೋದೆ. ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. "ಅದೇ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹೇಳು" ಎಂದೆ.

"ಎದ್ದ ತಕ್ಷಣ ರಕ್ತ ಕಾಲಿಗೆ ಇಳ್ಕೊಂತೈತೆ ಮೇಡಂ, ಒತ್ತಡ ಬಿದ್ದೋಗ್ತೈತೆ. ಕುತ್ತಿಗೇಲಿ ರಕ್ತನಾಳದ ಗೋಡೇಲಿ ಒತ್ತಡ ಅಳೆಯೋ ನರದ ತುದಿ ಇರ್ತಾವಲ್ಲ, ಅವು ಕಂಡ್ಕೊಂತಾವೆ. ಮೆದುಳಿಗೆ ಸುದ್ದಿ ಮುಟ್ತೈತೆ. ಗುಂಡಿಗೆ ಜೋರಾಗಿ ಬಡ್ಕೊಂತೈತೆ, ಕಾಲಿನ ನಾಳಗಳು ಬಿಗಿಯಾಗ್ತಾವೆ. ಅವಾಗ ಒತ್ತಡ ಮತ್ತೆ ಏರ್ತೈತೆ. ಅದುಕ್ಕೇ ನಾವು ದಿನಾ ಎದ್ರೂ ತಲೆ ತಿರುಗಿ ಬೀಳಲ್ಲ."

ನನಗೆ ಆ ಶಾಸ್ತ್ರ ಗೊತ್ತಿರಲಿಲ್ಲ. ಮಧ್ಯಾಹ್ನ ಪ್ರಾಧ್ಯಾಪಕರನ್ನು ಕೇಳಿದೆ. ಪೂರ್ತಿ ಸರಿ ಎಂದರು. ಆಗ ನನಗೆ ಹೊಳೆಯಿತು: ಅವಳು ಫಾಲ್ ಎಂದದ್ದೂ ಸರಿ, ರೈಸ್ ಎಂದದ್ದೂ ಸರಿ. ಮೊದಲು ಇಳಿಯುತ್ತದೆ, ಆಮೇಲೆ ಏರುತ್ತದೆ. ಅವಳಿಗೆ ಸಿಗದೇ ಹೋದದ್ದು ಆ ಎರಡರ ನಡುವಿನ ಮಾತು. ಫಸ್ಟ್, ದೆನ್, ಬಿಕಾಸ್. ಕೇಳಿದವರಿಗೆ ಅದು ಊಹೆ ಹೊಡೆದ ಹಾಗೆ ಕೇಳಿಸಿತ್ತು.

ಪ್ರಾಧ್ಯಾಪಕರು ಊಟದ ಡಬ್ಬಿ ಮುಚ್ಚಿ ನನ್ನನ್ನೇ ನೋಡಿದರು. "ಇದನ್ನ ಸರಿಯಾಗಿ ಮಾಡೋಣ ಮೇಡಂ. ನೀವು ಮತ್ತು ನಾನು."

ಹಾಗೆ ಕೆಲಸ ಶುರುವಾಯಿತು. ವಿಭಾಗದ ಪಕ್ಕದಲ್ಲಿ ಹಳೆಯ ಉಪಕರಣ ತುಂಬಿಟ್ಟಿದ್ದ ಒಂದು ಕೋಣೆಯನ್ನು ಖಾಲಿ ಮಾಡಿಸಿದೆವು. ಹೆದ್ದಾರಿಯ ಲಾರಿಗಳ ಸದ್ದಿಗೆ ಕಿಟಕಿ ಮುಚ್ಚಿಕೊಂಡೇ ಇರಬೇಕಿತ್ತು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬರಬೇಕು. ಪ್ರಾಧ್ಯಾಪಕರು ಪ್ರಶ್ನೆ ಕೇಳುತ್ತಾರೆ. ಮೊದಲು ಇಂಗ್ಲಿಷಿನಲ್ಲಿ ಉತ್ತರ. ಆಮೇಲೆ ಅದೇ ಪ್ರಶ್ನೆಗೆ ಕನ್ನಡದಲ್ಲಿ, ಮನೆಯಲ್ಲಿ ಮಾತಾಡುವ ಹಾಗೆ. ನನ್ನ ಫೋನಿನಲ್ಲಿ ಎರಡೂ ಒಟ್ಟಿಗೆ ರೆಕಾರ್ಡ್ ಆಗುತ್ತದೆ. ನಾನು ಮಾತು ಎಲ್ಲಿ ತಡೆಯಿತು ಎಂಬುದನ್ನು ಗುರುತು ಹಾಕುತ್ತೇನೆ, ಅವರು ವಿಷಯ ಎಷ್ಟು ಸರಿ ಎಂಬುದನ್ನು. ವೈದ್ಯಶಾಸ್ತ್ರ ನನಗೆ ತಿಳಿಯದ ಕಾರಣ ಪ್ರತಿ ರೆಕಾರ್ಡಿಂಗಿನ ಪ್ರತಿಯನ್ನೂ ಅವರಿಗೆ ಕೊಡಲೇಬೇಕಿತ್ತು.

ಮಕ್ಕಳು ಮೊದಮೊದಲು ಒಪ್ಪಲಿಲ್ಲ. ದನಿ ರೆಕಾರ್ಡ್ ಆಗುತ್ತದೆ ಎಂದರೆ ಯಾರಿಗೆ ತಾನೇ ಇಷ್ಟ? ರಾಯಚೆರ್ಲಿನ ಹುಡುಗಿ ನೇರವಾಗಿ ಕೇಳಿದಳು.

"ಮೇಡಂ, ಇದುನ್ನ ಇನ್ಯಾರಾನ ಕೇಳುಸ್ಕೊಂತಾರಾ?"

"ನಾನು ಮತ್ತು ಸರ್. ಇಬ್ಬರೇ."

ಅವಳು ಪ್ರಾಧ್ಯಾಪಕರ ಕಡೆ ತಿರುಗಿದಳು. ಅವರು ಮೇಜಿನ ಮೇಲೆ ಅಂಗೈ ಊರಿ, "ಈ ಕೋಣೆ ದಾಟಿ ಹೋಗಲ್ಲಮ್ಮ. ನನ್ನ ಮಗಳ ದನಿ ಇದ್ದ ಹಾಗೆ" ಎಂದರು. ಆ ಮಾತಿನ ಮೇಲೆ ಅವಳು ಕೂತಳು. ವೈವಾದಲ್ಲಿ ಕೇಳಿದ್ದ ರಕ್ತದೊತ್ತಡದ ಪ್ರಶ್ನೆಯಿಂದಲೇ ಅವರು ಶುರು ಮಾಡಿದರು. ಅವಳು ಕೂತದ್ದನ್ನು ನೋಡಿ ಉಳಿದವರೂ ಬಂದರು.

ವಾರಗಟ್ಟಲೆ ಆ ದನಿಗಳನ್ನು ಕೇಳಿದೆ. ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು, ಮನೆಯಲ್ಲಿ ಸೊಪ್ಪು ಬಿಡಿಸುತ್ತಾ. ಎಲ್ಲರೂ ಹೆಚ್ಚುಕಮ್ಮಿ ಒಂದೇ ಜಾಗಗಳಲ್ಲಿ ಮುಗ್ಗರಿಸುತ್ತಿದ್ದರು. ಒಂದಾದ ಮೇಲೆ ಒಂದು ಆಗುವುದನ್ನು ಹೇಳುವಾಗ. ಕಾರಣ ಹೇಳುವಾಗ. 'ಹೀಗಿದ್ದರೆ ಹಾಗಾಗುತ್ತದೆ' ಎನ್ನುವಾಗ. ಎಲ್ಲಕ್ಕಿಂತ ಹೆಚ್ಚಾಗಿ, 'ಇಷ್ಟು ಗೊತ್ತು, ಇದರಾಚೆ ಗೊತ್ತಿಲ್ಲ' ಎಂದು ಹೇಳಬೇಕಾದಾಗ. ಅಷ್ಟೂ ಗೊತ್ತಿಲ್ಲದವರ ಹಾಗೆ ಬಾಯಿ ಮುಚ್ಚಿಬಿಡುತ್ತಿದ್ದರು. ಸಿರಾದ ಒಬ್ಬ ಹುಡುಗನದು ಇದಕ್ಕೆ ತಿರುಗಾಮುರುಗಾ. ಪುಸ್ತಕದ ಪುಟವನ್ನೇ ಬಾಯಿಪಾಠ ಮಾಡಿ ಗಡಗಡನೆ ಒಪ್ಪಿಸುತ್ತಿದ್ದ. ನಡುವೆ 'ಯಾಕೆ' ಎಂದು ಕೇಳಿದರೆ ಪುಟದ ಮೊದಲ ಸಾಲಿನಿಂದ ಮತ್ತೆ ಶುರು ಮಾಡುತ್ತಿದ್ದ. "ನಡುವೆ ಇಳ್ಯಕ್ಕೆ ಸ್ಟಾಪೇ ಇಲ್ಲ ಮೇಡಂ ನಂಗೆ, ಎಕ್ಸ್‌ಪ್ರೆಸ್ ಬಸ್ಸು" ಎಂದು ತಾನೇ ನಗುತ್ತಿದ್ದ.

ಪ್ರಾಧ್ಯಾಪಕರು ಕೊಟ್ಟ ಅಂಕಗಳನ್ನು ನನ್ನ ಗುರುತುಗಳ ಪಕ್ಕದಲ್ಲಿಟ್ಟು ನೋಡಿದಾಗ ಸಂಗತಿ ಸ್ಪಷ್ಟವಾಯಿತು. ಇಂಗ್ಲಿಷಿನಲ್ಲಿ ತೀರಾ ತಡವರಿಸಿದ ಹಲವರು ಕನ್ನಡದಲ್ಲಿ ಬಲು ಚೊಕ್ಕವಾಗಿ ಉತ್ತರಿಸಿದ್ದರು. ನಾನು ವ್ಯಾಕರಣದ ಪತ್ರಿಕೆಯನ್ನು ಬದಿಗಿಟ್ಟು ಹೊಸ ಪಾಠ ಕಟ್ಟಿದೆ. ಪರೀಕ್ಷಕರ ಮುಂದೆ ಒಂದು ಗಳಿಗೆ ಯೋಚಿಸಲು ಸಮಯ ಕೇಳುವುದು ಹೇಗೆ, ಮೊದಲು ಆಗುವುದನ್ನು ಮೊದಲು ಹೇಳುವುದು ಹೇಗೆ, ಗೊತ್ತಿಲ್ಲದ ಭಾಗವನ್ನು ಬೇರೆ ಮಾಡಿ ಒಪ್ಪಿಕೊಳ್ಳುವುದು ಹೇಗೆ. ಚಿಕ್ಕ ಚಿಕ್ಕ ವಾಕ್ಯಗಳು. ಎದುರು ಕೂತು, ಕಣ್ಣು ನೋಡಿ, ಜೋರಾಗಿ.

ಇನ್ನೊಂದು ಅರಿವು ಊರಿನೊಳಗೆ ಸಿಕ್ಕಿತು. ಮೊದಲ ವರ್ಷದವರು ಹಳ್ಳಿಯ ಕೆಲವು ಮನೆಗಳಿಗೆ ಹೋಗಿ ಅವರ ಆರೋಗ್ಯದ ವಿವರ ಕೇಳಿ ಬರೆದುಕೊಳ್ಳಬೇಕು. ನಾಗಲಮಡಿಕೆ ಕಡೆಯ ಒಂದೂರಿಗೆ ಹೋದ ತಂಡದ ಜೊತೆ ನಾನೂ ಹೋಗಿದ್ದೆ. ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ ಅಜ್ಜಿಯೊಬ್ಬರು, "ನಾಕು ಹೆಜ್ಜೆ ಹಾಕಿದ್ರೆ ಆಯಾಸ ಬತ್ತೈತಮ್ಮಾ" ಎಂದರು. ತುಮಕೂರಿನಿಂದ ಬಂದ ಹುಡುಗಿ ದಣಿವು ಎಂದು ಬರೆದುಕೊಂಡಳು. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ. ರಾಯಚೆರ್ಲಿನವಳು ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ತೆಲುಗಿನಲ್ಲಿ ಏನೋ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಇಲ್ಲಿ ಆಯಾಸ ಅಂದ್ರೆ ಸುಸ್ತಲ್ಲ. ತೆಲುಗ್ನಲ್ಲಿ ಅದು ಉಬ್ಬಸ. ಅಜ್ಜಿಗೆ ಉಸ್ರು ಕಟ್ತೈತೆ. ರಾತ್ರಿ ಮಲಗಕ್ಕೂ ಆಗಲ್ವಂತೆ, ಎದ್ದು ಕೂತ್ಕೊಂತಾರಂತೆ" ಎಂದಳು. ಜೊತೆಗಿದ್ದ ವೈದ್ಯರು ತಕ್ಷಣ ಅಜ್ಜಿಯ ಕಾಲಿನ ಊತ ಒತ್ತಿ ನೋಡಿ, ಪಾವಗಡದ ಆಸ್ಪತ್ರೆಗೆ ಕಳಿಸಿದರು. ಗುಂಡಿಗೆಯ ತೊಂದರೆ.

ಅವತ್ತಿನಿಂದ ರೋಗಿಯ ಮಾತನ್ನು ಇಂಗ್ಲಿಷಿಗೆ ತರುವ ಮುಂಚೆ ಅದು ಯಾವ ಊರಿನ ಮಾತು ಎಂದು ಕೇಳಿಕೊಳ್ಳುವುದೂ ನನ್ನ ಪಾಠದ ಭಾಗವಾಯಿತು. ಆ ಸಂಜೆ ಪ್ರಾಧ್ಯಾಪಕರಿಗೆ ಇದನ್ನೆಲ್ಲ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. "ಇದು ದೊಡ್ಡ ಕೆಲಸ ಮೇಡಂ. ಇದನ್ನ ಹೊರಗಿನವರು ನೋಡಬೇಕು." ನನಗೆ ಎಷ್ಟು ಸಂತೋಷವಾಯಿತೆಂದರೆ ಮನೆಗೆ ಬಂದು ಪಾಯಸ ಮಾಡಿದೆ.

ಸೆಕೆ ಶುರುವಾಗುವ ಹೊತ್ತಿಗೆ ಕಾಲೇಜಿನಲ್ಲಿ ಒಂದು ಕಾರ್ಯಾಗಾರ ನಡೆಯಿತು. ಬೇರೆ ಬೇರೆ ವೈದ್ಯಕೀಯ ಕಾಲೇಜುಗಳ ಅಧ್ಯಾಪಕರು ಬಂದಿದ್ದರು. ನಮ್ಮ ಕೆಲಸವನ್ನು ಪ್ರಾಧ್ಯಾಪಕರು ಮಂಡಿಸುತ್ತಾರೆಂದು ಗೊತ್ತಿತ್ತು. ಮಂಡಿಸುವ ಮುಂಚೆ ತೋರಿಸಿ ಎಂದು ಕೇಳಿದ್ದೆ. "ಅಂಕಿಗಳಷ್ಟೇ ಮೇಡಂ, ನೀವೇ ಮಾಡಿದ್ದು" ಎಂದಿದ್ದರು. ನನ್ನನ್ನು ಎರಡನೇ ಸಾಲಿನಲ್ಲಿ ಕೂರಿಸಿದರು. ಮೊದಲ ವರ್ಷದ ಕೆಲವರು ಸ್ವಯಂಸೇವಕರಾಗಿದ್ದರು. ರಾಯಚೆರ್ಲಿನ ಹುಡುಗಿ ಅತಿಥಿಗಳಿಗೆ ನೀರಿನ ಬಾಟಲಿ ಕೊಡುತ್ತಾ ಸಾಲುಗಳ ನಡುವೆ ಓಡಾಡುತ್ತಿದ್ದಳು. ನನ್ನನ್ನು ಕಂಡು ನಕ್ಕಳು.

ಪ್ರಾಧ್ಯಾಪಕರು ಚೆನ್ನಾಗಿಯೇ ಶುರು ಮಾಡಿದರು. ನನ್ನ ಹೆಸರು ಹೇಳಿ ವಂದಿಸಿದರು. ಆಮೇಲೆ, "ನಮ್ಮ ತರಗತಿಗಳಿಗೆ ಎಂಥ ಮಕ್ಕಳು ಬರುತ್ತಿದ್ದಾರೆ ಅನ್ನೋದನ್ನು ನಾನು ಹೇಳೋದಕ್ಕಿಂತ ನೀವೇ ಕೇಳಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಒಂದು ಗುಂಡಿ ಒತ್ತಿದರು.

"ಬಿಪಿ ಫಾಲ್ ಸರ್... ರೈಸ್ ಸರ್... ಸರ್... ಬ್ಲಡ್ ಈಸ್ ಗೋಯಿಂಗ್ ಲೆಗ್ ಸರ್..."

ಸಭಾಂಗಣದ ದೊಡ್ಡ ಸ್ಪೀಕರುಗಳಲ್ಲಿ ಅವಳ ಉಸಿರೂ ಕೇಳಿಸುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹಿಂದಿನ ಸಾಲುಗಳಿಗೂ ಹಬ್ಬಿತು. ನಾನು ಕಾಯುತ್ತಿದ್ದೆ. ಇಂಗ್ಲಿಷಿನ ಉತ್ತರ ಮುಗಿದ ಮೇಲೆ ಕನ್ನಡದ ಉತ್ತರ ಬರುತ್ತದೆ. ಅದು ಬಂದರೆ ಈ ನಗು ನಿಲ್ಲುತ್ತದೆ. ಅದಕ್ಕಾಗಿಯೇ ತಾನೇ ನಾವು ಎರಡನ್ನೂ ಒಟ್ಟಿಗೆ ಹಿಡಿದದ್ದು?

ಅದು ಬರಲಿಲ್ಲ. ಪರದೆಯ ಮೇಲೆ ಮುಂದಿನ ಚಿತ್ರ ಬಂತು. ಕನ್ನಡ ಮಾಧ್ಯಮದಿಂದ ಬಂದವರಿಗೆ ಪ್ರತ್ಯೇಕ ಬ್ಯಾಚು. ಇಂಗ್ಲಿಷ್ ಸುಧಾರಿಸುವವರೆಗೆ ಹಳ್ಳಿ ಭೇಟಿ ಇಲ್ಲ, ವಾರ್ಡಿಗೆ ಪ್ರವೇಶ ಇಲ್ಲ. ಇದಕ್ಕೆಲ್ಲ ಆಧಾರ ಎಂದು ಕೆಳಗೆ ನನ್ನ ಹೆಸರು.

ನಾನು ಎದ್ದು ನಿಂತೆ. "ಸರ್, ರೆಕಾರ್ಡಿಂಗ್ ಇನ್ನೂ ಇದೆ. ಪೂರ್ತಿ ಹಾಕಿ."

ಅವರು ಗಡಿಯಾರ ನೋಡಿಕೊಂಡರು. "ಟೈಮಿಲ್ಲ ಮೇಡಂ. ಟೀ ಬ್ರೇಕಿನಲ್ಲಿ ಮಾತಾಡೋಣ."

"ಕನ್ನಡದಲ್ಲಿ ಅವಳು ಪೂರ್ತಿ ಸರಿ ಹೇಳಿದ್ದಾಳೆ. ನೀವೇ ಅಂಕ ಕೊಟ್ಟಿದ್ದೀರಿ."

"ಪ್ಲೀಸ್ ಮೇಡಂ, ಕೂತ್ಕೊಳ್ಳಿ" ಎಂದರು, ತರಗತಿಯಲ್ಲಿ ಗಲಾಟೆ ಮಾಡುವ ಹುಡುಗನಿಗೆ ಹೇಳುವ ಮೆತ್ತನೆಯ ದನಿಯಲ್ಲಿ. ಸಭಾಂಗಣದಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಯಾರೋ ನನ್ನ ಸೆರಗು ಹಿಡಿದು ಕೂರಿಸಿದರು. ನಾನು ತಿರುಗಿ ನೋಡಿದಾಗ ಹುಡುಗಿ ಪಕ್ಕದ ದಾರಿಯಲ್ಲಿ ನೀರಿನ ಬಾಟಲಿಗಳ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಅವಳು ಪರದೆಯನ್ನು ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ನಾನೂ ಅವರ ಜೊತೆಯವಳಾಗಿದ್ದೆ.

ಸಂಜೆ ಪ್ರಾಧ್ಯಾಪಕರ ಕೋಣೆಗೆ ಹೋದೆ. ಅವರಲ್ಲಿ ಮುಜುಗರ ಕಾಣಲಿಲ್ಲ.

"ಹೆಸರು ಹೇಳಿಲ್ಲವಲ್ಲ ಮೇಡಂ?"

"ದನಿಗೆ ಹೆಸರು ಬೇಕಾ ಸರ್? ಅವಳ ಸಹಪಾಠಿಗಳು ಅಲ್ಲೇ ಇದ್ದರು. ಅವಳೇ ಅಲ್ಲಿದ್ದಳು."

"ನೋಡಿ, ಸಮಸ್ಯೆ ಇದೆ ಅಂತ ತೋರಿಸದೇ ಇದ್ರೆ ಮ್ಯಾನೇಜ್‌ಮೆಂಟಿನವರು ಏನೂ ಕೊಡಲ್ಲ. ಕನ್ನಡದಲ್ಲಿ ಎಲ್ಲ ಗೊತ್ತು ಅಂತ ತೋರಿಸಿದ್ರೆ, ಹಾಗಾದ್ರೆ ಸರಿಯಾಗೇ ಇದ್ದಾರಲ್ಲ ಅಂತಾರೆ. ಈಗ ಪ್ರತ್ಯೇಕ ಕೇಂದ್ರ ಬರುತ್ತೆ. ನಾನು ಅದರ ಮುಖ್ಯಸ್ಥ, ನೀವು ಕಾಯಂ ಆಗ್ತೀರಿ. ಯಾರಿಗೆ ನಷ್ಟ ಹೇಳಿ?"

"ವಾರ್ಡಿಗೆ ಹೋಗದೆ ಆ ಮಕ್ಕಳು ಏನು ಕಲೀತಾರೆ?"

"ಇಂಗ್ಲಿಷ್" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಆ ಕೋಣೆಯಲ್ಲಿ ಎಷ್ಟೋ ಮಧ್ಯಾಹ್ನ ನಾವು ಡಬ್ಬಿ ಹಂಚಿಕೊಂಡು ಉಂಡಿದ್ದೆವು. ಮಳೆ ಬಂದ ದಿನ ಅವರು ತಮ್ಮ ಕಾರಿನಲ್ಲಿ ನನ್ನನ್ನು ಬಸ್ ಸ್ಟಾಪಿಗೆ ಬಿಟ್ಟು, ಬಸ್ ಬರುವವರೆಗೂ ನಿಂತಿರುತ್ತಿದ್ದರು. ಇಂಥವರು ಮೊದಲಿಂದಲೂ ಕತ್ತರಿ ಇಟ್ಟುಕೊಂಡೇ ಬಂದಿದ್ದರೋ, ಅಥವಾ ನಡುವೆ ಎಲ್ಲೋ ಕೈಗೆತ್ತಿಕೊಂಡರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಪ್ರಾಂಶುಪಾಲರಿಗೆ ದೂರು ಕೊಡುವುದೆಂದು ತೀರ್ಮಾನಿಸಿದೆ. ಕೊಟ್ಟರೆ ನನ್ನ ಕೆಲಸ ಹೋಗುತ್ತದೆ ಎಂಬುದು ಗೊತ್ತಿತ್ತು. ಅದಕ್ಕಿಂತ ದೊಡ್ಡ ಚಿಂತೆ ಆ ಹುಡುಗಿಯದು. ಆಂತರಿಕ ಅಂಕ ಕೊಡುವವರು ಅದೇ ಪ್ರಾಧ್ಯಾಪಕರು. ಹಾಗಾಗಿ ಮೊದಲು ಅವಳನ್ನು ಹುಡುಕಿಕೊಂಡು ಹೋದೆ. ಹಾಸ್ಟೆಲಿನ ಮುಂದಿನ ಹೊಂಗೆಮರದ ಕೆಳಗೆ ಅವಳು ಒಬ್ಬಳೇ ಕೂತಿದ್ದಳು. ಎರಡು ದಿನದಿಂದ ತರಗತಿಯಲ್ಲಿ ಹಾಜರಿ ಕೂಗಿದಾಗ ಕೈಯಷ್ಟೇ ಎತ್ತುತ್ತಿದ್ದಳಂತೆ, ಬಾಯಿ ಬಿಡುತ್ತಿರಲಿಲ್ಲವಂತೆ.

ಆ ದನಿ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ ಎಂಬುದನ್ನು ಅವಳು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಎದ್ದು ನಿಂತು ಕೇಳಿದ್ದನ್ನು ಅವಳೂ ಕಂಡಿದ್ದಳು. ಕೊನೆಗೆ ಅದೇ ಅವಳ ಮನಸ್ಸು ಕರಗಿಸಿತು.

"ನೀನು ಬೇಡ ಅಂದರೆ ನಾನು ದೂರು ಕೊಡೋದಿಲ್ಲ" ಎಂದೆ. "ನಿನ್ನ ಅಂಕ ಅವರ ಕೈಯಲ್ಲಿದೆ. ಯೋಚನೆ ಮಾಡಿ ಹೇಳು. ನಾಳೆ ಹೇಳಿದರೂ ಸರಿ."

"ಯೋಚ್ನೆ ಏನಿಲ್ಲ ಮೇಡಂ. ಕೊಡಿ. ನಂಗೊಬ್ಳಿಗೇ ಆಗಿದ್ರೆ ಬುಡು ಅನ್ಕೊಂತಿದ್ದೆ. ನಮ್ಮೆಲ್ಲಾರ್ನೂ ವಾರ್ಡಿಂದ ಆಚೆ ಹಾಕ್ತಾರಂತಲ್ಲ, ಅದೆಂಗಾಗ್ತೈತೆ? ಕರುದ್ರೆ ನಾನೂ ಬಂದು ಹೇಳ್ತೀನಿ. ಇಲ್ಲಿಂದ ದಾಟಲ್ಲ ಅಂತ ಸರ್ ಹೇಳಿದ್ದು ನಾನೇ ಕೇಳಿವ್ನಿ."

ಮರುದಿನ ಬೆಳಿಗ್ಗೆಯೂ ಕೇಳಿದೆ. ಅದೇ ಉತ್ತರ. ದೂರು ಬರೆದು ಪ್ರಾಂಶುಪಾಲರ ಮೇಜಿನ ಮೇಲಿಟ್ಟೆ. ಸಾಕ್ಷಿ ಯಾರಾದರೂ ಇದ್ದಾರೆಯೇ ಎಂದು ಅವರು ಕೇಳಿದಾಗ, ಅವಳ ಒಪ್ಪಿಗೆ ಇದ್ದುದರಿಂದ, ಅವಳ ಹೆಸರು ಹೇಳಿದೆ.

ವಿಚಾರಣೆ ನಡೆದದ್ದು ಪ್ರಾಂಶುಪಾಲರ ಕೋಣೆಯಲ್ಲಿ. ಉದ್ದನೆಯ ಮೇಜು, ಆಚೆ ಮೂವರು ಹಿರಿಯ ಅಧ್ಯಾಪಕರು. ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಪ್ರಾಧ್ಯಾಪಕರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ರೆಕಾರ್ಡಿಂಗ್ ಕೇಳಿ ಎಂದು ಫೋನನ್ನು ಮುಂದಿಟ್ಟೆ. ಅದರ ಅಗತ್ಯವಿಲ್ಲ, ಪ್ರಶ್ನೆ ಇರುವುದು ಅನುಮತಿಯದು ಎಂದರು. ಹುಡುಗಿಯನ್ನು ಕರೆಸಿದರು.

ಅವಳು ಒಳಗೆ ಬಂದಳು. ಕೋಟಿನ ತೋಳನ್ನು ಅವತ್ತು ಮಡಚಿರಲಿಲ್ಲ, ಬೆರಳಿನ ತುದಿಯಷ್ಟೇ ಕಾಣುತ್ತಿತ್ತು. ಪ್ರಾಂಶುಪಾಲರು ಇಂಗ್ಲಿಷಿನಲ್ಲೇ ಕೇಳಿದರು, ನಿನ್ನ ದನಿಯನ್ನು ಕಾರ್ಯಾಗಾರದಲ್ಲಿ ಬಳಸಲು ನೀನು ಒಪ್ಪಿದ್ದೆಯಾ ಎಂದು.

ಅವಳು ಬೆನ್ನು ನೆಟ್ಟಗೆ ಮಾಡಿದಳು. ಒಂದು ಗಳಿಗೆ ತೆಗೆದುಕೊಂಡಳು. ಆಮೇಲೆ ಪ್ರಾಂಶುಪಾಲರ ಕಣ್ಣನ್ನೇ ನೋಡುತ್ತಾ ಹೇಳಿದಳು: "ಯೆಸ್ ಸರ್. ಫಸ್ಟ್ ಐ ವಾಸ್ ಅಫ್ರೇಡ್. ದೆನ್ ಐ ಗೇವ್ ಮೈ ಪರ್ಮಿಷನ್, ಬಿಕಾಸ್ ಇಟ್ ವಾಸ್ ಫಾರ್ ಅವರ್ ಗುಡ್. ಐ ಹ್ಯಾವ್ ನೋ ಕಂಪ್ಲೇಂಟ್, ಸರ್."

ಎಲ್ಲೂ ತಡೆಯಲಿಲ್ಲ. ಒಂದು ಪದವೂ ಹಿಂದೆಮುಂದೆ ಆಗಲಿಲ್ಲ. ಇಡೀ ವರ್ಷ ನಾನು ಅವಳ ಬಾಯಲ್ಲಿ ಕೂರಿಸಿದ್ದ ಮಾತುಗಳು ಒಂದೊಂದೂ ತನ್ನ ತನ್ನ ಜಾಗದಲ್ಲಿದ್ದವು. ಮೇಜಿನ ಆಚೆ ಇದ್ದ ಒಬ್ಬರು ಮೆಚ್ಚಿಕೊಂಡವರ ಹಾಗೆ ತಲೆದೂಗಿದರು. ಅವಳು ನನ್ನ ಕಡೆ ನೋಡದೆ ಹೊರಗೆ ಹೋದಳು.

"ಮೇಡಂ, ರೆಕಾರ್ಡ್ ಮಾಡುವಾಗ ಮಕ್ಕಳಿಂದ ಬರವಣಿಗೆಯಲ್ಲಿ ಒಪ್ಪಿಗೆ ತಗೊಂಡಿದ್ರಾ?" ಪ್ರಾಂಶುಪಾಲರು ನನ್ನನ್ನು ಕೇಳಿದರು. ಇಲ್ಲ, ಬಾಯಿಮಾತಿನಲ್ಲಿ, ಸರ್ ಎದುರಿಗೇ, ಎಂದೆ. ಅವರು ಪ್ರಾಧ್ಯಾಪಕರ ಕಡೆ ನೋಡಿದರು. ಪ್ರಾಧ್ಯಾಪಕರು ತಗ್ಗಿದ ದನಿಯಲ್ಲಿ, "ಮೇಡಂ ಉದ್ದೇಶ ಒಳ್ಳೇದೇ ಸರ್. ವಿಧಾನ ಗೊತ್ತಿರಲಿಲ್ಲ ಅಷ್ಟೇ. ಅವರ ಮೇಲೆ ಏನೂ ಕ್ರಮ ಬೇಡ" ಎಂದರು. ದೂರು ಕೊಟ್ಟವಳು ನಾನು. ಕ್ಷಮೆ ಸಿಕ್ಕಿದ್ದೂ ನನಗೇ.

ರಾಜೀನಾಮೆ ಕೊಟ್ಟೆ. ಯಾರೂ ತಡೆಯಲಿಲ್ಲ. ಹೊರಡುವ ಮುಂಚೆ ಮಕ್ಕಳನ್ನು ಕರೆದು, ಅವರ ಎದುರಿಗೇ ನನ್ನ ಫೋನಿನಲ್ಲಿದ್ದ ಎಲ್ಲ ದನಿಗಳನ್ನೂ ಅಳಿಸಿ ತೋರಿಸಿದೆ. ಪ್ರಾಧ್ಯಾಪಕರ ಹತ್ತಿರ ಇರುವ ಪ್ರತಿಗಳ ಮೇಲೆ ನನಗೆ ಹಿಡಿತವಿಲ್ಲ ಎಂದೂ ಹೇಳಿದೆ. ಸಿರಾದ ಹುಡುಗ ಗೇಟಿನವರೆಗೆ ಬಂದು ಚೀಲ ಹಿಡಿದುಕೊಂಡ. "ಅವ್ಳ್ನ ತಪ್ ತಿಳ್ಕೋಬೇಡಿ ಮೇಡಂ. ಅವ್ರಪ್ಪನ್ನ ಕರ್ಸಿದ್ರು" ಎಂದ. ನಾನು ಹೆಚ್ಚಿಗೆ ಕೇಳಲಿಲ್ಲ. ರಾಯಚೆರ್ಲಿನ ಹುಡುಗಿ ಆ ದಿನ ಬಂದಿರಲಿಲ್ಲ.

ಪ್ರತ್ಯೇಕ ಬ್ಯಾಚು ಆಯಿತು. ಆದರೆ ಅವಳನ್ನು ಅದಕ್ಕೆ ಹಾಕಲಿಲ್ಲ. ಅವಳ ಇಂಗ್ಲಿಷ್ ಸಾಕಷ್ಟು ಸುಧಾರಿಸಿದೆ ಎಂದು ತೀರ್ಮಾನವಾಯಿತಂತೆ. ಸಿರಾದ ಹುಡುಗನನ್ನು ಹಾಕಿದರು. ಇಷ್ಟು ನನಗೆ ತಿಳಿದದ್ದು ಅವನ ಫೋನಿನಿಂದ.

ವರ್ಷದ ಪರೀಕ್ಷೆಗೆ ಇನ್ನು ಸ್ವಲ್ಪವೇ ದಿನವಿದ್ದಾಗ, ಒಂದು ಭಾನುವಾರ ಬೆಳಿಗ್ಗೆ, ಮಧುಗಿರಿಯ ನಮ್ಮ ಮನೆಯ ಗೇಟು ಸದ್ದಾಯಿತು. ಹೊರಗೆ ಬಂದರೆ ಅವಳು. ಪಾವಗಡದ ಬಸ್ಸಿನಲ್ಲಿ ಬಂದಿದ್ದಳು. ಮುಖ ಇಳಿದಿತ್ತು, ಬಸ್ಸಿನ ಧೂಳು ಹುಬ್ಬಿನ ಮೇಲಿತ್ತು. ಗೇಟಿನ ಆಚೆಯೇ ನಿಂತು ಹೇಳಿದಳು.

"ಅಪ್ಪನ್ನ ಕರುಸ್ಬುಟ್ರು ಮೇಡಂ. ಸರ್ ಬೈಲಿಲ್ಲ, ಏನಿಲ್ಲ. ಕಾಫಿ ಕೊಟ್ರು. ನಿಮ್ಮ ಮಗ್ಳು ನನ್ನ ಮಗ್ಳಿದ್ದಂಗೆ, ಅವ್ಳ ಭವಿಷ್ಯ ನನ್ನ ಜವಾಬ್ದಾರಿ ಅಂದ್ರು. ಅಪ್ಪ ಎಲ್ಡು ಕೈ ಮುಗುದ್ರು. ಆಚೆಗೆ ಬಂದು, ಮನಕೆಂದುಕಮ್ಮಾ ಇವೆಲ್ಲಾ, ನಮಗ್ಯಾಕೆ, ನೀನು ಡಾಕ್ಟ್ರಾಗಿ ಮನೀಗ್ ಬಾ ಸಾಕು, ಅಂತ ಅತ್ಬುಟ್ರು. ನಾನು ನಮ್ಮಪ್ಪ ಅತ್ತಿದ್ದು ಯಾವತ್ತೂ ನೋಡಿರ್ಲಿಲ್ಲ."

"ನನಗೆ ಒಂದು ಮಾತು ಹೇಳಬಹುದಿತ್ತು. ವಿಚಾರಣೆಗೆ ಬರೋ ಮುಂಚೆ."

ಅವಳು ತಲೆ ತಗ್ಗಿಸಿದಳು. "ಹೇಳಿದ್ರೆ ನಿಮ್ಮ ಮಕ ನೋಡ್ಬೇಕಾಗ್ತಿತ್ತು."

ಎದುರು ಮನೆಯವರು ಅಂಗಳಕ್ಕೆ ನೀರು ಹಾಕುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ, ತೀರಾ ಸಣ್ಣ ದನಿಯಲ್ಲಿ ಕೇಳಿದಳು.

"ಫೈನಲ್ ವೈವಾಗೆ ಹೊರಗ್ನಿಂದ ಎಗ್ಸಾಮಿನರ್ ಬರ್ತಾರೆ ಮೇಡಂ. ಯಾರಂತ ಗೊತ್ತಿಲ್ಲ. ಒಂದೇ ಒಂದ್ಸಲ ಪ್ರಾಕ್ಟೀಸ್ ಮಾಡುಸ್ತೀರಾ? ಅಲ್ಲಿ ಯಾರ ಹತ್ರಾನೂ ಬಾಯಿ ಬಿಡಕ್ಕೆ ಧೈರ್ಯ ಬರಲ್ಲ."

ಇಷ್ಟು ಮಾಡಿ, ಕೇಳಲು ಬಂದಿರುವುದು ಇದನ್ನು. ನನಗೆ ಎಷ್ಟು ಸಿಟ್ಟು ಬಂತೆಂದರೆ ಗೇಟಿನ ಕಂಬಿಯನ್ನು ಹಿಡಿದ ಕೈ ಸಡಿಲಿಸಲು ಆಗಲಿಲ್ಲ. ಹೋಗು ಎಂದುಬಿಡುವುದರಲ್ಲಿದ್ದೆ. ನಾಗಲಮಡಿಕೆಯ ಜಗಲಿಯ ಮೇಲೆ ಇವಳು ಕೂತಿಲ್ಲದಿದ್ದರೆ ಆ ಅಜ್ಜಿಯ ಉಬ್ಬಸ ದಣಿವಾಗಿಯೇ ಉಳಿಯುತ್ತಿತ್ತು. ಇವಳು ಫೇಲಾದರೆ ಪ್ರಾಧ್ಯಾಪಕರಿಗೇನೂ ಆಗುವುದಿಲ್ಲ. ಗೇಟು ತೆಗೆದೆ.

ನಡುಮನೆಯಲ್ಲಿ ಎದುರುಬದುರು ಕೂತೆವು. ಅವಳ ಪುಸ್ತಕ ನೋಡಿಕೊಂಡು ಪ್ರಶ್ನೆ ಕೇಳಿದೆ. ಅಪರಿಚಿತ ಪರೀಕ್ಷಕರು ಹೇಗೆ ಕೇಳುತ್ತಾರೋ ಹಾಗೆ, ಮುಖದಲ್ಲಿ ಯಾವ ಸುಳಿವೂ ಕೊಡದೆ. ಅದಕ್ಕೆ ಅವತ್ತು ಅಭಿನಯ ಬೇಕಾಗಲಿಲ್ಲ. ಮೊದಲೆರಡು ಉತ್ತರಕ್ಕೆ ಅವಳ ದನಿ ನಡುಗಿತು, ಆಮೇಲೆ ಕುದುರಿತು. ರಕ್ತ, ಉಸಿರಾಟ, ನರ, ಗುಂಡಿಗೆ, ಒಂದೊಂದೇ ಮುಗಿಸಿದೆವು. ಮೂತ್ರಪಿಂಡದಲ್ಲಿ ಸ್ವಲ್ಪ ಎಡವಿದಳು. ಬಿಸಿಲು ನೆತ್ತಿಗೆ ಬಂದಿತ್ತು. ಮಜ್ಜಿಗೆ ಕೊಟ್ಟೆ, ಕುಡಿದಳು. ನಾವಿಬ್ಬರೂ ಪಾಠ ಬಿಟ್ಟು ಬೇರೆ ಮಾತಾಡಲಿಲ್ಲ.

ಹೊರಡುವಾಗ ಹೊಸಿಲ ಹತ್ತಿರ ಕಾಲು ಮುಟ್ಟಲು ಬಗ್ಗಿದಳು. ನನಗೆ ಗೊತ್ತಿಲ್ಲದ ಹಾಗೆಯೇ ಕಾಲು ಹಿಂದಕ್ಕೆ ಸರಿಯಿತು. ಅವಳ ಕೈ ಬರೀ ನೆಲಕ್ಕೆ ತಾಕಿತು. ಹಾಗೇ ಬಗ್ಗಿಕೊಂಡು ಒಂದು ಗಳಿಗೆ ಇದ್ದಳು. ಎದ್ದಾಗ ಕಣ್ಣು ತುಂಬಿತ್ತು.

"ಬಯ್ಯಿ ಮೇಡಂ" ಎಂದಳು. "ಒಂದ್ಸಲ ಬಾಯಿಗ್ ಬಂದಂಗೆ ಬಯ್ದ್ಬುಡಿ."

ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಅವಳೂ ಅತ್ತು, ನಾನೂ ಅತ್ತು, ಮತ್ತೆ ಮೊದಲಿನ ಹಾಗೆ ಆಗುತ್ತಿದ್ದೆವೇನೋ. ನನಗೆ ಬೈಗುಳ ಬರಲಿಲ್ಲ.

"ಮೂತ್ರಪಿಂಡದ ಪಾಠ ಇನ್ನೊಂದು ಸಲ ಓದ್ಕೋ" ಎಂದೆ. "ಅಲ್ಲಿ ಕಾರಣ ಹೇಳುವಾಗ ತಡವರಿಸ್ತೀಯ. ಹನ್ನೆರಡೂವರೆ ಬಸ್ಸು ತಪ್ಪಿದರೆ ಸಂಜೆಯೇ. ಹೊರಡು."

ಅವಳು ಚೀಲ ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನು ಲೋಟ ತೊಳೆದಿಟ್ಟೆ.